ಎಂಟನೆಯ ವಚನದವರೆಗೆ

ಬೆಟಗೇರಿಯ ನಮ್ಮ ಹಳೆಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಾದರೆ ಅಜ್ಜಿ ನಡುಮನೆಯ ಗೋಡೆಗೆ ಮುಖ ಮಾಡಿ ಕೂತು ಬೈಬಲ್ ತೆರೆಯುತ್ತಿದ್ದಳು. ಆ ಗೋಡೆಯ ಆಚೆ ಅವಳ ಮೈದುನನ ಮನೆ. ಒಂದೇ ಮನೆ ಎರಡು ಪಾಲಾದಾಗ ಎದ್ದ ಮಣ್ಣಿನ ಗೋಡೆ ಅದು. ಆಚೆ ಕೆಮ್ಮಿದರೆ ಈಚೆ ಕೇಳಿಸುತ್ತಿತ್ತು. ಹಿತ್ತಲಿನ ಬಾವಿ ಯಾರ ಪಾಲಿಗೆ ಸೇರಬೇಕೆಂಬ ವ್ಯಾಜ್ಯ ಹಿರಿಯರ ಮುಂದೆ ಬಗೆಹರಿಯದೆ ಕೋರ್ಟಿಗೆ ಹೋಗಿ, ಅಜ್ಜ ತೀರಿಕೊಂಡ ಮೇಲೂ ಮುಗಿಯದೆ, ಕೊನೆಗೆ ಅಜ್ಜಿಯ ತಲೆಯ ಮೇಲೆ ಬಂದು ಕೂತಿತ್ತು. ಬೈಬಲಿನ ಕೀರ್ತನೆಗಳ ಪುಸ್ತಕದ ಉಳಿದ ಪದ್ಯಗಳನ್ನು ತುಟಿ ಅಲ್ಲಾಡಿಸುತ್ತ ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದ ಅವಳು, ವಕೀಲರನ್ನು ಕಂಡು ಬಂದ ದಿನ ಮಾತ್ರ 109ನೆಯ ಕೀರ್ತನೆಯನ್ನು ತೆಗೆದು ದನಿಯೆತ್ತಿ ಓದುತ್ತಿದ್ದಳು. ಅವನ ಬಲಗಡೆಯಲ್ಲಿ ದೂರು ಹೇಳುವವನು ನಿಲ್ಲಲಿ, ನ್ಯಾಯ ತೀರಿಸುವಾಗ ಅವನು ತಪ್ಪಿತಸ್ಥನಾಗಿ ಹೊರಗೆ ಬರಲಿ, ಅವನ ಆಯುಷ್ಯ ಕಡಿಮೆಯಾಗಲಿ, ಅವನ ಕೆಲಸ ಇನ್ನೊಬ್ಬನ ಪಾಲಾಗಲಿ ಎಂದು ಸಾಗುವ ಆ ಕೀರ್ತನೆ ಕೋರ್ಟಿನ ಮಾತುಗಳಿಂದಲೇ ತುಂಬಿರುವುದು ಅವಳಿಗೆ ಬಹಳ ಹಿಡಿಸಿತ್ತೆಂದು ಈಗ ಅನಿಸುತ್ತದೆ. (ಇಲ್ಲಿ ಕೊಟ್ಟಿರುವ ಸಾಲುಗಳನ್ನು ಅನುವಾದಗಳಿಂದ ಯಥಾವತ್ತಾಗಿ ಎತ್ತಿಲ್ಲ, ಅರ್ಥ ಹಿಡಿದು ನನ್ನ ಮಾತಿನಲ್ಲಿ ಬರೆದಿದ್ದೇನೆ.)

ಒಂದು ಸಂಜೆ ನಾನು, "ಅಜ್ಜಿ, ಸಣ್ಣಜ್ಜಗ ಕೇಳಸ್ತೈತಿ" ಎಂದೆ. ಅವಳು ಕನ್ನಡಕದ ಮೇಲಿನಿಂದ ನೋಡಿ, "ನಾ ದೇವರ ಮುಂದ ಹೇಳಾಕತ್ತೀನಿ ತಂಗಿ, ಅವನ ಮುಂದ ಅಲ್ಲ. ಗ್ವಾಡಿಗೆ ಕಿವಿ ಇದ್ರ ನಾ ಏನ್ ಮಾಡ್ಲಿ?" ಎಂದಳು.

ಆಗ ನನಗದು ನಗೆಯ ಮಾತಾಗಿತ್ತು. ಸಂಡೇ ಸ್ಕೂಲಿನಲ್ಲಿ ನಮಗೆ ಕಲಿಸಿದ್ದ ಪ್ರಾರ್ಥನೆ ಬೇರೆಯೇ ಬಗೆಯದು. ಅಲ್ಲಿ ಕೈಕಾಲು ಮುಖ ತೊಳೆದುಕೊಂಡು ಕೂರುವಂತೆ ಮನಸ್ಸನ್ನೂ ತೊಳೆದುಕೊಂಡು ಕೂರಬೇಕಿತ್ತು. ಸಿಟ್ಟಿದ್ದರೆ ಮೊದಲು ಇಳಿಸಿಕೊಳ್ಳಬೇಕು, ಹೊಟ್ಟೆಕಿಚ್ಚಿದ್ದರೆ ಮೊದಲು ಆರಿಸಿಕೊಳ್ಳಬೇಕು, ಆಮೇಲೆ ಕಣ್ಣು ಮುಚ್ಚಬೇಕು. ಅಜ್ಜಿಯದು ಇದಕ್ಕೆ ತಿರುವುಮುರುವಾದ ಕ್ರಮ. ಅವಳು ಸಿಟ್ಟನ್ನು ಇಳಿಸಿಕೊಂಡು ದೇವರ ಬಳಿ ಹೋಗುತ್ತಿರಲಿಲ್ಲ, ಸಿಟ್ಟನ್ನು ಹೊತ್ತುಕೊಂಡೇ ಹೋಗಿ ಅಲ್ಲಿ ಇಳಿಸುತ್ತಿದ್ದಳು. ಕೀರ್ತನೆಗಳ ಪುಸ್ತಕವನ್ನು ನಲವತ್ತು ವರ್ಷಗಳ ಕಾಲ ಬಿಟ್ಟೂ ಬಿಟ್ಟೂ ಓದಿದ ಮೇಲೆ, ಆ ಪುಸ್ತಕದ ಪದ್ಧತಿಯೂ ಅಜ್ಜಿಯದೇ ಹೊರತು ಸಂಡೇ ಸ್ಕೂಲಿನದಲ್ಲ ಎಂಬುದು ನನಗೆ ಖಚಿತವಾಗಿದೆ.

ಹೀಬ್ರೂ ಭಾಷೆಯಲ್ಲಿ ಈ ಪುಸ್ತಕಕ್ಕೆ ತೆಹಿಲ್ಲೀಮ್ ಎಂದು ಹೆಸರು. ಸ್ತುತಿಗಳು ಎಂದು ಅದರ ಅರ್ಥ. ಒಟ್ಟು 150 ಪದ್ಯಗಳು, ಐದು ಭಾಗಗಳು. ಆದರೆ ತಲೆಬರಹದಲ್ಲಿ 'ತೆಹಿಲ್ಲಾ', ಅಂದರೆ ಸ್ತುತಿ, ಎಂಬ ಮಾತನ್ನು ಹೊತ್ತಿರುವುದು ಒಂದೇ ಒಂದು, 145ನೆಯದು. 'ತೆಫಿಲ್ಲಾ', ಅಂದರೆ ಪ್ರಾರ್ಥನೆ, ಎಂಬ ತಲೆಬರಹವಿರುವವು ಐದು: 17, 86, 90, 102 ಮತ್ತು 142. ಒಳಗೆ ಹೋಗಿ ನೋಡಿದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪದ್ಯಗಳು ಅಳಲು, ದೂರು, ಮೊರೆ. ಇಷ್ಟು ಅಳುವನ್ನು ಒಳಗಿಟ್ಟುಕೊಂಡ ಪುಸ್ತಕಕ್ಕೆ ಸ್ತುತಿಗಳೆಂದು ಹೆಸರಿಟ್ಟವರು ಯಾರೇ ಇರಲಿ, ಅವರಿಗೆ ಎಣಿಕೆ ಬರುತ್ತಿರಲಿಲ್ಲ ಎಂದು ನಾನು ನಂಬಲಾರೆ. ದೇವರ ಮುಂದೆ ಬಂದು ಜಗಳವಾಡುವವನೂ ದೇವರನ್ನು ದೇವರೆಂದು ಒಪ್ಪಿಕೊಂಡೇ ಜಗಳವಾಡುತ್ತಾನೆ, ಆದ್ದರಿಂದ ಅವನ ದೂರನ್ನೂ ಸ್ತುತಿಯ ಲೆಕ್ಕಕ್ಕೇ ಜಮಾ ಮಾಡಬೇಕು ಎಂದು ಅವರು ತಿಳಿದಿದ್ದಿರಬೇಕು.

ಕನ್ನಡದಲ್ಲಿ ಬೈಬಲ್ ಪೂರ್ತಿಯಾಗಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಇಂದು ನಮ್ಮ ಕೈಯಲ್ಲಿರುವ ಕನ್ನಡ ಬೈಬಲ್ಲುಗಳು ಈ ಪುಸ್ತಕವನ್ನು 'ಕೀರ್ತನೆಗಳು' ಎಂದು ಕರೆಯುತ್ತವೆ. ಕನ್ನಡಿಗರ ಕಿವಿಗೆ ಕೀರ್ತನೆಯೆಂದರೆ ತಂಬೂರಿ, ತಾಳ, ದಾಸರ ಅಂಕಿತ. ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದನ್ನು ನೆನೆದರೆ, ಆ ಪರಂಪರೆಯ ಪರಿಚಯ ಪಾದ್ರಿಗಳಿಗೂ ಇತ್ತೆಂಬುದು ಸ್ಪಷ್ಟ. ದಾಸರಲ್ಲಿಯೂ ನಿಂದಾಸ್ತುತಿಯುಂಟು, ನಿನ್ನನ್ನು ನಂಬಿ ಯಾರು ಉದ್ಧಾರವಾದರು ಎಂದು ಹರಿಯನ್ನೇ ಕೇಳುವ ಸಲಿಗೆಯುಂಟು. ಆದರೆ ಅಲ್ಲಿ ಬೈಗುಳದ ಹಿಂದೆ ಒಂದು ನಗು ಅಡಗಿರುತ್ತದೆ, ಕೇಳುವವರಿಗೂ ಅದು ತಿಳಿದಿರುತ್ತದೆ. ಹೀಬ್ರೂ ಕೀರ್ತನೆಗಳಲ್ಲಿ ದೂರುವವನು ನಗುತ್ತಿಲ್ಲ.

13ನೆಯ ಕೀರ್ತನೆಯನ್ನು ನೋಡಬಹುದು. ಆರೇ ವಚನಗಳ ಚಿಕ್ಕ ಪದ್ಯ. ಮೊದಲೆರಡು ವಚನಗಳಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ಎಷ್ಟರವರೆಗೆ ನನ್ನನ್ನು ಮರೆತಿರುವೆ, ಎಷ್ಟರವರೆಗೆ ಮುಖ ಮರೆಮಾಡಿಕೊಂಡಿರುವೆ, ಎಷ್ಟರವರೆಗೆ ನಾನು ಮನಸ್ಸಿನೊಳಗೇ ಆಲೋಚನೆ ಹೆಣೆಯುತ್ತಿರಬೇಕು, ಎಷ್ಟರವರೆಗೆ ನನ್ನ ವೈರಿಯ ಕೈ ಮೇಲಾಗಿರಬೇಕು. ಮೊದಲ ಎರಡು ಪ್ರಶ್ನೆಗಳು ದೇವರ ಮೇಲೆ, ಮೂರನೆಯದು ತನ್ನ ಮೇಲೆ, ನಾಲ್ಕನೆಯದು ವೈರಿಯ ಮೇಲೆ. ನಿದ್ದೆ ಬಾರದ ರಾತ್ರಿಯಲ್ಲಿ ನಮ್ಮ ತಲೆ ಓಡುವ ದಾರಿಯೂ ಇದೇ. ಯಾರನ್ನು ದೂರಬೇಕೆಂದು ತಿಳಿಯದೆ ಒಬ್ಬರಿಂದೊಬ್ಬರಿಗೆ ಹಾಯುತ್ತೇವೆ. ಆಮೇಲೆ ಎರಡು ವಚನ ಬೇಡಿಕೆ: ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಐದನೆಯ ವಚನಕ್ಕೆ ಬರುವಷ್ಟರಲ್ಲಿ ಪದ್ಯದ ಬಣ್ಣವೇ ಬದಲಾಗಿ, ನಾನಾದರೋ ನಿನ್ನ ಕೃಪೆಯನ್ನು ನಂಬಿದ್ದೇನೆ, ಹಾಡುತ್ತೇನೆ ಎಂದು ಮುಗಿಯುತ್ತದೆ.

ನಾಲ್ಕನೆಯ ಮತ್ತು ಐದನೆಯ ವಚನಗಳ ನಡುವೆ ಏನು ನಡೆಯಿತು? ಅಳಲಿನ ಕೀರ್ತನೆಗಳ ಈ ಅಚ್ಚನ್ನು ವಿಂಗಡಿಸಿ ತೋರಿಸಿದವರು ಜರ್ಮನ್ ವಿದ್ವಾಂಸ ಹರ್ಮನ್ ಗುಂಕೆಲ್. ಅವರ ಶಿಷ್ಯ ಯೋಆಕಿಮ್ ಬೆಗ್ರಿಖ್ 1934ರಲ್ಲಿ ಒಂದು ಊಹೆ ಮುಂದಿಟ್ಟರು: ದೇವಾಲಯದಲ್ಲಿ ಭಕ್ತನು ತನ್ನ ಮೊರೆಯನ್ನು ಮುಗಿಸಿದ ಮೇಲೆ ಯಾಜಕನು ದೇವರ ಹೆಸರಿನಲ್ಲಿ 'ಭಯಪಡಬೇಡ' ಎಂಬಂಥ ಅಭಯವಾಕ್ಯ ನುಡಿಯುತ್ತಿದ್ದನು, ಅದನ್ನು ಕೇಳಿದ ಮೇಲಿನ ಮಾತುಗಳೇ ಐದನೆಯ ವಚನದವು. ನಮ್ಮ ಕಡೆಯ ಗುಡಿಗಳಲ್ಲಿ ದೇವರ ಬಲಗಡೆಯಿಂದ ಹೂವಿನ ಪ್ರಸಾದ ಬೀಳುವುದನ್ನು ಕಾಯುವವರ ಮುಖ ನೋಡಿದವರಿಗೆ ಈ ಊಹೆ ವಿಚಿತ್ರವೆನಿಸದು. ಆದರೂ ನನಗೆ ಮುಖ್ಯವಾಗಿ ಕಾಣುವುದು ಆ ಅಭಯವಾಕ್ಯವನ್ನು ಯಾರೂ ಬರೆದಿಡಲಿಲ್ಲ ಎಂಬುದೇ. ಪ್ರಶ್ನೆ ಉಳಿಯಿತು, ಕೃತಜ್ಞತೆ ಉಳಿಯಿತು, ನಡುವಿನ ಉತ್ತರದ ಜಾಗ ಮಾತ್ರ ಖಾಲಿ ಉಳಿಯಿತು. ಓದುವವರು ನಾಲ್ಕನೆಯ ವಚನದಲ್ಲಿ ನಿಂತು ವರ್ಷಗಟ್ಟಲೆ ಕಾಯಬಹುದು. ಐದನೆಯದಕ್ಕೆ ನೂಕುವವರು ಯಾರೂ ಇಲ್ಲ.

ಹಾಗೆ ನಿಂತೇ ಉಳಿದ ಪದ್ಯವೂ ಒಂದಿದೆ. 88ನೆಯ ಕೀರ್ತನೆಯಲ್ಲಿ ತಿರುವೇ ಬರುವುದಿಲ್ಲ. ನನ್ನ ರಕ್ಷಣೆಯ ದೇವರೇ ಎಂದು ಆರಂಭದಲ್ಲಿ ಕರೆದದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಕುಣಿ, ಪಾತಾಳ, ನೀರಿನ ಅಲೆ, ದೂರವಾದ ಗೆಳೆಯರು. ಸತ್ತವರು ಎದ್ದು ನಿನ್ನನ್ನು ಕೊಂಡಾಡುವರೇನು ಎಂದು ಕವಿ ಕೇಳುತ್ತಾನೆ. ಅದರಲ್ಲಿ ಭಕ್ತಿಗಿಂತ ವ್ಯವಹಾರದ ಮಾತೇ ಹೆಚ್ಚಿದೆ, ನಾನು ಸತ್ತರೆ ನಷ್ಟ ನಿನಗೇ ಎಂಬಂತೆ. ಹೀಬ್ರೂ ಮೂಲದಲ್ಲಿ ಪದ್ಯದ ಕೊನೆಯ ಪದ 'ಕತ್ತಲೆ'. ಆದರೆ ಅದೇ ಪದ್ಯದಲ್ಲಿ ಹಗಲೂ ರಾತ್ರಿಯೂ ಕೂಗಿದ್ದೇನೆ, ದಿನವೆಲ್ಲ ಕೈ ಚಾಚಿದ್ದೇನೆ, ಮುಂಜಾನೆ ನನ್ನ ಪ್ರಾರ್ಥನೆ ನಿನ್ನೆದುರು ಬರುತ್ತದೆ ಎಂದು ಮೂರು ಸಲ ಹೇಳಿದೆ. ಉತ್ತರ ಬಾರದ ಮನೆಯ ಬಾಗಿಲನ್ನು ದಿನಕ್ಕೆ ಮೂರು ಹೊತ್ತು ತಟ್ಟುವವನ ಪದ್ಯವಿದು. ಇದನ್ನು ಪವಿತ್ರಗ್ರಂಥದಲ್ಲಿ ಸೇರಿಸಿದವರಿಗೆ ಕೊನೆಗೊಂದು ಸಮಾಧಾನದ ಸಾಲನ್ನು ಹೊಲಿಯುವುದು ಕಷ್ಟವಿರಲಿಲ್ಲ. ಅವರು ಹೊಲಿಯಲಿಲ್ಲ. ಈ ಪುಸ್ತಕದ ಸಂಪಾದಕರ ಮೇಲೆ ನನಗಿರುವ ಗೌರವಕ್ಕೆ ಅರ್ಧ ಕಾರಣ ಇದೇ.

ಇಂಥ ಮಾತುಗಳಿಗೆ ಮುಜುಗರಪಟ್ಟವರು ಹಿಂದೆಯೂ ಇದ್ದರು. 44ನೆಯ ಕೀರ್ತನೆಯಲ್ಲಿ, ಎಚ್ಚರವಾಗು ಕರ್ತನೇ, ಯಾಕೆ ನಿದ್ರಿಸುತ್ತೀ ಎಂಬ ಕೂಗಿದೆ. ಜೆರುಸಲೇಮಿನ ದೇವಾಲಯದಲ್ಲಿ ಲೇವಿಯರು, ಅಂದರೆ ಅಲ್ಲಿನ ಸೇವೆ ಮಾಡುವ ವಂಶದವರು, ದಿನವೂ ಈ ಸಾಲನ್ನು ಹಾಡುತ್ತಿದ್ದರೆಂದೂ, ಅವರಿಗೆ 'ಎಬ್ಬಿಸುವವರು' ಎಂಬ ಹೆಸರಿತ್ತೆಂದೂ, ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು 121ನೆಯ ಕೀರ್ತನೆಯಲ್ಲಿ ಬರೆದಿರುವಾಗ ಇದೇನು ಮಾತೆಂದು ಮಹಾಯಾಜಕ ಯೋಹಾನಾನನು ಆ ಪದ್ಧತಿಯನ್ನು ನಿಲ್ಲಿಸಿದನೆಂದೂ ಯೆಹೂದ್ಯರ ಧರ್ಮಚರ್ಚೆಯ ಗ್ರಂಥವಾದ ತಾಲ್ಮೂದ್ ಹೇಳುತ್ತದೆ. ಹಾಡುವುದು ನಿಂತಿತು, ಪುಸ್ತಕದಿಂದ ಸಾಲನ್ನು ಅಳಿಸುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ದೇವರು ನಿದ್ರಿಸುವುದಿಲ್ಲ ಎಂಬುದೂ, ಏಳು ಎಂಬುದೂ ಒಂದೇ ಪುಸ್ತಕದಲ್ಲಿ ಎಪ್ಪತ್ತೇಳು ಪದ್ಯಗಳ ಅಂತರದಲ್ಲಿ ಇಂದಿಗೂ ಇವೆ.

ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್, ಮಾರ್ಸೆಲಿನಸ್ ಎಂಬಾತನಿಗೆ ಬರೆದ ಪತ್ರದಲ್ಲಿ ಕೀರ್ತನೆಗಳನ್ನು ಆತ್ಮದ ಕನ್ನಡಿಗೆ ಹೋಲಿಸಿದನು. ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ 1557ರ ತನ್ನ ವ್ಯಾಖ್ಯಾನದ ಮುನ್ನುಡಿಯಲ್ಲಿ, ಇದು ಆತ್ಮದ ಎಲ್ಲ ಭಾಗಗಳ ಅಂಗರಚನಾಶಾಸ್ತ್ರ ಎಂದನು. ಎರಡೂ ಪ್ರಸಿದ್ಧ ಮಾತುಗಳೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಥನಾಸಿಯಸ್ಸನ ಇನ್ನೊಂದು ಮಾತು: ಶಾಸ್ತ್ರದ ಉಳಿದ ಪುಸ್ತಕಗಳಲ್ಲಿ ಮೋಶೆಯ ಮಾತು ಮೋಶೆಯದಾಗಿಯೇ, ಪ್ರವಾದಿಯ ಮಾತು ಪ್ರವಾದಿಯದಾಗಿಯೇ ನಮ್ಮ ಕಿವಿಗೆ ಬೀಳುತ್ತದೆ, ಕೀರ್ತನೆಯನ್ನು ಹೇಳುವವನು ಮಾತ್ರ ಅದನ್ನು ತನ್ನ ಸ್ವಂತ ಮಾತೆಂಬಂತೆಯೇ ಹೇಳುತ್ತಾನೆ. 102ನೆಯ ಕೀರ್ತನೆಯ ತಲೆಬರಹದಲ್ಲಿ, ಹಲವು ಕೀರ್ತನೆಗಳ ಮೇಲಿರುವ ಅರಸ ದಾವೀದನ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಕುಗ್ಗಿಹೋದ ಒಬ್ಬ ಬಡಪಾಯಿ ಯೆಹೋವನ ಮುಂದೆ ತನ್ನ ಅಳಲನ್ನು ಹೊಯ್ಯುವಾಗ ಮಾಡುವ ಪ್ರಾರ್ಥನೆ ಎಂದಷ್ಟೇ ಇದೆ. ಹೆಸರಿನ ಜಾಗವನ್ನು ಯಾರು ಬೇಕಾದರೂ ತುಂಬಬಹುದು. ಹೀಬ್ರೂವಿನಲ್ಲಿ ಅಳಲನ್ನು ನೀರಿನಂತೆ 'ಹೊಯ್ಯುತ್ತಾರೆ'. ನಾವು ಕನ್ನಡದಲ್ಲಿ ಅಳಲನ್ನು 'ತೋಡಿಕೊಳ್ಳುತ್ತೇವೆ', ಬಾವಿ ತೋಡಿದಂತೆ. ಅವರಿಗೆ ಅದು ತುಂಬಿ ತುಳುಕುವಂಥದ್ದು, ನಮಗೆ ಅಗೆದು ತೆಗೆಯುವಂಥದ್ದು. ಬಾವಿಯ ಜಗಳ ನಡೆದ ಮನೆಯಲ್ಲಿ ಬೆಳೆದವಳಾದ್ದರಿಂದಲೋ ಏನೋ, ಎರಡನೆಯದೇ ನನಗೆ ಹೆಚ್ಚು ನಿಜವೆನಿಸುತ್ತದೆ.

ಕೀರ್ತನೆಗಳಲ್ಲಿ ಭಾವನೆಗಳು ಮನಸ್ಸಿನಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಮೈಯಲ್ಲಿ ಹುಟ್ಟುತ್ತವೆಂಬುದು ನನಗೆ ಅರ್ಥವಾದದ್ದು ಅಪ್ಪನ ಕೊನೆಯ ವರ್ಷದಲ್ಲಿ. ಅವರಿಗೆ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಿತ್ತು. ತೋಳಿನಿಂದ ಹೊರಟ ರಕ್ತ ಪಾರದರ್ಶಕ ಕೊಳವೆಯಲ್ಲಿ ಸುತ್ತಿಕೊಂಡು ಹೋಗಿ, ಯಂತ್ರದೊಳಗೆ ತೊಳೆಸಿಕೊಂಡು ಮತ್ತೆ ತೋಳಿಗೆ ಮರಳುವುದನ್ನು ಮೊದಮೊದಲು ನೋಡಲಾಗುತ್ತಿರಲಿಲ್ಲ. ಆಮೇಲೆ ಅದನ್ನೇ ನೋಡುತ್ತ ಕೂರುವುದು ರೂಢಿಯಾಯಿತು. ಕೊಳವೆಯನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆ ನಾಲ್ಕು ತಾಸುಗಳಲ್ಲಿ ಅಪ್ಪ ನನ್ನಿಂದ ಕೀರ್ತನೆಗಳನ್ನು ಓದಿಸುತ್ತಿದ್ದರು. ಕನ್ನಡ ಶಾಲೆಯ ಮಾಸ್ತರರಾಗಿದ್ದವರಾದ್ದರಿಂದ ಉಚ್ಚಾರ ತಪ್ಪಿದರೆ ತಿದ್ದುತ್ತಲೂ ಇದ್ದರು.

ಒಂದು ದಿನ 139ನೆಯ ಕೀರ್ತನೆ ಓದುತ್ತಿದ್ದೆ. ನನ್ನ ಅಂತರಿಂದ್ರಿಯಗಳನ್ನು ಉಂಟುಮಾಡಿದವನು ನೀನೇ ಎಂಬಲ್ಲಿ ಅಪ್ಪ ತಡೆದು, ಅಂತರಿಂದ್ರಿಯ ಅಂದರೆ ಏನು, ಮನಸ್ಸೋ ಕರುಳೋ ಎಂದು ಕೇಳಿದರು. ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದರೆ ಮೂಲದ ಪದ 'ಕಿಲ್ಯೋತ್', ಅಂದರೆ ಮೂತ್ರಪಿಂಡಗಳು. ಹೀಬ್ರೂ ಜನರಿಗೆ ಹೃದಯವು ವಿಚಾರದ ಜಾಗವಾದರೆ ಮೂತ್ರಪಿಂಡವು ಒಳಗಿನ ಒಳಗಿನ ಭಾವದ ಜಾಗ. 16ನೆಯ ಕೀರ್ತನೆಯಲ್ಲಿ ರಾತ್ರಿಯ ಹೊತ್ತು ಮನುಷ್ಯನಿಗೆ ಬುದ್ಧಿ ಹೇಳುವುದು ಅವನ ಮೂತ್ರಪಿಂಡಗಳೇ. 73ನೆಯದರಲ್ಲಿ ದುಷ್ಟರ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟವನಿಗೆ ಇರಿದಂತಾಗುವುದೂ ಅಲ್ಲಿಯೇ. 7ನೆಯದರಲ್ಲಿ ದೇವರು ಪರೀಕ್ಷಿಸುವುದು ಹೃದಯವನ್ನೂ ಮೂತ್ರಪಿಂಡವನ್ನೂ. ಮುಂದಿನ ಸಲ ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕರು. "ಹಂಗಾದ್ರ ದೇವರು ನೋಡೂದು ಕಿಡ್ನೀನ ಅಂತಾತು. ನನ್ನ ರಿಪೋರ್ಟ್ ನೋಡಿ ಏನ್ ಅಂದಾನು ಮತ್ತ?" ಎಂದರು. ಅನುವಾದಕರು ಮರ್ಯಾದೆಗೆ ಅಂಜಿ ಸಂಸ್ಕೃತದ ಮೊರೆ ಹೋದದ್ದು ಅವರಿಗೆ ಒಪ್ಪಿಗೆಯಿರಲಿಲ್ಲ. 'ಕರುಳು' ಎಂದು ಹಾಕಿದ್ದರೆ ಬೇಕಾದಷ್ಟಾಯಿತು, ಕರುಳು ಚುರುಕ್ ಎನ್ನುವುದು ಏನೆಂದು ಎಲ್ಲರಿಗೂ ಗೊತ್ತು ಎಂದು ವಾದಿಸಿದರು. ಅವರು ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹೊಟ್ಟೆ ಉರಿಯುವ, ಎದೆ ಒಡೆಯುವ, ಕರುಳು ಕಿವುಚುವ, ಮೈ ಪರಚಿಕೊಳ್ಳುವ ಭಾಷೆ ನಮ್ಮದು. ಹೀಬ್ರೂ ಕವಿಗೆ ನಮ್ಮಲ್ಲಿ ಪರಕೀಯನೆನಿಸುವ ಕಾರಣವಿಲ್ಲ.

ನಾವು 'ಆತ್ಮ' ಅಥವಾ 'ಪ್ರಾಣ' ಎಂದು ಅನುವಾದಿಸುವ 'ನೆಫೆಷ್' ಎಂಬ ಪದಕ್ಕೆ ಗಂಟಲು, ಕೊರಳು ಎಂಬ ಅರ್ಥವೂ ಇದೆ. 69ನೆಯ ಕೀರ್ತನೆಯ ಮೊದಲ ಸಾಲಿನಲ್ಲಿ ನೀರು ನೆಫೆಷ್‌ವರೆಗೆ ಬಂದಿದೆ ಎಂದಾಗ, ಪ್ರಾಣದವರೆಗೆ ಬಂದಿದೆ ಎಂಬುದಕ್ಕಿಂತ ಕೊರಳಿನ ಮಟ್ಟಕ್ಕೆ ಬಂದಿದೆ ಎಂಬುದೇ ಕಣ್ಣಿಗೆ ಕಟ್ಟುತ್ತದೆ. ಕಾಲ ಕೆಳಗೆ ಕೆಸರು, ನೆಲ ಸಿಗುತ್ತಿಲ್ಲ, ಕೂಗಿ ಕೂಗಿ ಗಂಟಲು ಒಣಗಿದೆ ಎಂದು ಪದ್ಯ ಮುಂದುವರಿಯುತ್ತದೆ. ನೀರಿನಲ್ಲಿ ಮುಳುಗುತ್ತಿರುವವನ ಗಂಟಲು ಒಣಗುವುದನ್ನು ಆ ಕವಿ ಕಂಡಿದ್ದಾನೆ. 56ನೆಯ ಕೀರ್ತನೆಯಲ್ಲಿ ನನ್ನ ಕಣ್ಣೀರನ್ನು ನಿನ್ನ ತೊಗಲಿನ ಚೀಲದಲ್ಲಿ ತುಂಬಿಡು ಎಂಬ ಬೇಡಿಕೆಯಿದೆ. ನೀರಿಗೆ ಬೆಲೆಯಿರುವ ಒಣ ಸೀಮೆಯಲ್ಲಿ, ದಾರಿ ನಡೆಯುವವರು ಒಂದು ಹನಿಯನ್ನೂ ಚೆಲ್ಲದೆ ಹೊತ್ತೊಯ್ಯುವ ಚೀಲ ಅದು. ಹೀಬ್ರೂವಿನಲ್ಲಿ 'ನೋದ್' ಎಂದರೆ ಅಲೆದಾಟವೂ ಹೌದು, ಹೆಚ್ಚುಕಡಿಮೆ ಅದೇ ಉಚ್ಚಾರದಲ್ಲಿ ತೊಗಲಚೀಲವೂ ಹೌದು. ನನ್ನ ಅಲೆದಾಟವನ್ನು ನೀನು ಎಣಿಸಿದ್ದೀ, ಕಣ್ಣೀರನ್ನು ಚೀಲಕ್ಕೆ ತುಂಬು ಎಂದು ಕವಿ ಒಂದೇ ವಚನದಲ್ಲಿ ಎರಡನ್ನೂ ಜೋಡಿಸಿದ್ದಾನೆ. ಅಳುವಾಗಲೂ ಶಬ್ದದೊಂದಿಗೆ ಆಟವಾಡುವ ಈ ಚಾಳಿಯನ್ನು ಅಪ್ಪನೇ ಬದುಕಿದ್ದಾಗ ನನಗೆ ತೋರಿಸಿದಂತಾಗಿತ್ತು.

ಡಯಾಲಿಸಿಸ್ ನಡೆಯುತ್ತಿದ್ದ ಆ ತಿಂಗಳುಗಳಲ್ಲಿ ಸಭೆಯ ಹಿರಿಯರೊಬ್ಬರು ನೋಡಲು ಬಂದು, ಹಾಸಿಗೆಯ ಬದಿಯಲ್ಲಿ ನಿಂತು 91ನೆಯ ಕೀರ್ತನೆ ಓದಲು ತೊಡಗಿದರು. ನಿನ್ನ ಮಗ್ಗುಲಲ್ಲಿ ಸಾವಿರ ಜನ ಬಿದ್ದರೂ ನಿನಗೇನೂ ತಟ್ಟದು ಎಂಬ ಸಾಲು ಬರುವಾಗ ಮಗ್ಗುಲಿನ ಹಾಸಿಗೆಯಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಮಲಗಿದ್ದ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಹಿರಿಯರು ಹೋದ ಮೇಲೆ ನನ್ನ ಕಡೆ ತಿರುಗಿ, "ಅದು ಬ್ಯಾಡ. ಮೂವತ್ತೊಂಬತ್ತು ಓದು" ಎಂದರು. ಸೈತಾನನು ಯೇಸುವನ್ನು ಪರೀಕ್ಷಿಸುವಾಗ ಎತ್ತಿ ಹೇಳಿದ್ದು ಇದೇ 91ನೆಯ ಕೀರ್ತನೆಯನ್ನು, ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದು 22ನೆಯದರ ಮೊದಲ ಸಾಲನ್ನು, ನನ್ನ ದೇವರೇ ಯಾಕೆ ನನ್ನನ್ನು ಕೈಬಿಟ್ಟೆ ಎಂಬುದನ್ನು, ಎಂಬ ವಿಷಯ ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. 91ನೆಯ ಕೀರ್ತನೆಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಅದನ್ನು ರೋಗಿಯೇ ತನ್ನ ಬಾಯಿಂದ ಹೇಳಿಕೊಳ್ಳುವುದಕ್ಕೂ, ಆರೋಗ್ಯವಂತನೊಬ್ಬ ಅವನ ತಲೆಯ ಮೇಲೆ ನಿಂತು ಓದುವುದಕ್ಕೂ ಅಂತರವಿದೆ.

39ನೆಯ ಕೀರ್ತನೆಯಲ್ಲಿ ಒಬ್ಬ ಮನುಷ್ಯ ಮೊದಲು ಬಾಯಿಗೆ ಕಡಿವಾಣ ಹಾಕಿಕೊಂಡು ಸುಮ್ಮನಿರಲು ನಿಶ್ಚಯಿಸುತ್ತಾನೆ. ಸುಮ್ಮನಿದ್ದಷ್ಟೂ ನೋವು ಹೆಚ್ಚಿ, ಎದೆಯೊಳಗೆ ಬೆಂಕಿ ಹೊತ್ತಿಕೊಂಡು, ತಡೆಯಲಾರದೆ ನಾಲಿಗೆ ಬಿಚ್ಚುತ್ತಾನೆ. ನನ್ನ ಆಯುಷ್ಯ ಅಂಗೈಯಗಲ, ಮನುಷ್ಯನೆಂದರೆ ಒಂದು ಉಸಿರು, ಕೂಡಿಡುತ್ತಾನೆ, ಯಾರು ಒಯ್ಯುವರೋ ಅರಿಯನು ಎಂದೆಲ್ಲ ಹೇಳಿ, ಕೊನೆಯ ವಚನದಲ್ಲಿ ಅವನು ಬೇಡುವುದು ಇಷ್ಟೇ: ನನ್ನ ಮೇಲಿನ ದೃಷ್ಟಿಯನ್ನು ತೆಗೆ, ನಾನು ಹೊರಟುಹೋಗಿ ಇಲ್ಲವಾಗುವ ಮೊದಲು ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ. 13ನೆಯ ಕೀರ್ತನೆಯವನು ದೇವರೇ ಯಾಕೆ ಮುಖ ಮರೆಮಾಡಿಕೊಂಡಿದ್ದೀ ಎಂದು ಕೇಳಿದರೆ, ಇವನು ದಯವಿಟ್ಟು ಅತ್ತ ನೋಡು ಎನ್ನುತ್ತಾನೆ. ಪ್ರಾರ್ಥನೆಯ ಪುಸ್ತಕವೊಂದರಲ್ಲಿ, ನನ್ನನ್ನು ನನ್ನ ಪಾಡಿಗೆ ಬಿಡು ಎಂಬುದೂ ಪ್ರಾರ್ಥನೆಯಾಗಿ ದಾಖಲಾಗಿದೆ. ಅಪ್ಪನಿಗೆ ಅದು ಯಾಕೆ ಬೇಕಾಗಿತ್ತೆಂದು ನಾನು ಕೇಳಲಿಲ್ಲ. ಬರಹೋಗುವವರ ಕನಿಕರದ ದೃಷ್ಟಿಯ ಕೆಳಗೆ ಎಂಟು ತಿಂಗಳು ಮಲಗಿದ್ದ ಮನುಷ್ಯನಿಗೆ ಆ ವಚನ ಬೇಕಾದದ್ದರಲ್ಲಿ ಆಶ್ಚರ್ಯವೇನಿದೆ.

ಈಗ ಅಜ್ಜಿಯ ಗೋಡೆಗೆ ಮರಳಬೇಕು, ಏಕೆಂದರೆ ಕೀರ್ತನೆಗಳ ಬಗ್ಗೆ ಮಾತನಾಡುವ ಎಲ್ಲರೂ ಎಡವುವ ಜಾಗ ಅದೇ. ಅಳು ಸರಿ, ದೂರು ಸರಿ. ಶಾಪವನ್ನು ಏನು ಮಾಡುವುದು? ರೋಮನ್ ಕಥೋಲಿಕ ಸಭೆಯು 1971ರಲ್ಲಿ ಹೊರತಂದ ನಿತ್ಯಪ್ರಾರ್ಥನೆಯ ಗ್ರಂಥದಲ್ಲಿ 58, 83 ಮತ್ತು 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿಯೂ, ಇನ್ನು ಕೆಲವುಗಳ ಬಿರುಸಾದ ವಚನಗಳನ್ನು ಬಿಡಿಯಾಗಿಯೂ ಕೈಬಿಟ್ಟಿತು. ಹಾಗೆ ಬಿಟ್ಟವುಗಳಲ್ಲಿ 137ನೆಯದರ ಕೊನೆಯ ವಚನಗಳೂ ಸೇರಿವೆ. ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು, ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿದೆವು ಎಂಬ ಅದರ ಆರಂಭವನ್ನು ಎಲ್ಲರೂ ಹಾಡುತ್ತಾರೆ. ಬಾಬೆಲೇ, ನಿನ್ನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂಬ ಅಂತ್ಯವನ್ನು ಯಾರೂ ಹಾಡುವುದಿಲ್ಲ. ಆದರೆ ಅದಕ್ಕೆ ಮೊದಲಿನ ವಚನವನ್ನು ಕಣ್ಣಿಟ್ಟು ಓದಬೇಕು: ನೀನು ನಮಗೆ ಮಾಡಿದ್ದನ್ನೇ ನಿನಗೆ ಮಾಡುವವನು ಧನ್ಯನು ಎಂದು ಅಲ್ಲಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಸುಟ್ಟಾಗ ಆ ಬಂಡೆಗಳ ಮೇಲೆ ಯಾರ ಕೂಸುಗಳಿದ್ದವು ಎಂಬುದನ್ನು ಆ ವಚನ ಹೇಳದೆಯೇ ಹೇಳುತ್ತದೆ. ಮೊದಲು ಅದು ನೆನಪು, ಆಮೇಲೆ ಶಾಪ. ಹಾಡು ಹೇಳಿ ರಂಜಿಸಿ ಎಂದು ಸೆರೆಹಿಡಿದವರು ಪೀಡಿಸುತ್ತಿರುವಾಗ ಕೈಯಲ್ಲಿ ಕಿನ್ನರಿಯ ಹೊರತು ಇನ್ನೇನೂ ಇಲ್ಲದವರ ಬಾಯಿಂದ ಬಂದ ಮಾತದು. ಅದನ್ನು ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ನನಗೂ ಅದನ್ನು ಗಟ್ಟಿಯಾಗಿ ಓದಲಾಗುವುದಿಲ್ಲ. ಕತ್ತರಿಸಿ ತೆಗೆದರೆ ಮಾತ್ರ ಆ ಸಿಟ್ಟು ಎಲ್ಲಿಗೆ ಹೋಗಬೇಕು ಎಂಬುದು ನನ್ನ ಪ್ರಶ್ನೆ.

109ನೆಯದರಲ್ಲಿ 6ರಿಂದ 19ರವರೆಗಿನ ಶಾಪಗಳು ಕವಿಯವಲ್ಲ, ಅವನ ವೈರಿಗಳು ಅವನಿಗೆ ಹಾಕಿದ ಶಾಪಗಳನ್ನು ಅವನು ದೇವರ ಮುಂದೆ ಒಪ್ಪಿಸುತ್ತಿದ್ದಾನೆ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಅಲ್ಲಿಯವರೆಗೆ 'ಅವರು' ಎಂದಿದ್ದದ್ದು ಅಲ್ಲಿ ಇದ್ದಕ್ಕಿದ್ದಂತೆ 'ಅವನು' ಎಂದಾಗುವುದು ಅವರ ಆಧಾರ. ಜಾಣ ವಾದ. ಅಜ್ಜಿ ಕೇಳಿದ್ದರೆ ತಲೆಯಾಡಿಸಿ ಮತ್ತೆ ತನ್ನ ಹಾಗೆಯೇ ಓದುತ್ತಿದ್ದಳು. ನನಗೆ ಆ ಪದ್ಯದಲ್ಲಿ ಹೆಚ್ಚು ಕಾಡುವುದು ನಾಲ್ಕನೆಯ ವಚನ. ನನ್ನ ಪ್ರೀತಿಗೆ ಪ್ರತಿಯಾಗಿ ನನ್ನ ಮೇಲೆ ದೂರು ಹೇಳುತ್ತಾರೆ ಎಂದ ಮೇಲೆ ಹೀಬ್ರೂವಿನಲ್ಲಿ ಎರಡೇ ಪದಗಳಿವೆ, 'ವಅನೀ ತೆಫಿಲ್ಲಾ'. ಅನುವಾದಕರು ನಾನಾದರೋ ಪ್ರಾರ್ಥನೆ ಮಾಡುತ್ತೇನೆ ಎಂದು ಕ್ರಿಯಾಪದ ಸೇರಿಸಿ ಸರಿಪಡಿಸುತ್ತಾರೆ. ಕನ್ನಡಕ್ಕೆ ಅದರ ಅಗತ್ಯವೇ ಇರಲಿಲ್ಲ. 'ನಾನೋ, ಪ್ರಾರ್ಥನೆ' ಎಂದು ಕ್ರಿಯಾಪದವಿಲ್ಲದೆ ಹೀಬ್ರೂವಿನಷ್ಟೇ ಚಿಕ್ಕದಾಗಿ ಹೇಳಬಹುದು. ಶಾಪಗಳ ಸಾಲು ಆರಂಭವಾಗುವ ಎರಡು ವಚನ ಮೊದಲು ಈ ಮಾತಿದೆ. ಹಗೆಯಿಂದ ತುಂಬಿದ ಒಬ್ಬ ಮನುಷ್ಯ ತಾನೇ ಒಂದು ಪ್ರಾರ್ಥನೆ ಎಂದು ಹೇಳಿಕೊಳ್ಳುತ್ತಾನೆ, ಆಮೇಲೆ ಬಾಯಿ ಬಿಡುತ್ತಾನೆ.

ನಾನು ಇನ್ನೂ ಹೇಳದ ಸಂಗತಿ ಒಂದಿದೆ. ಅಜ್ಜಿ ಆ ಕೀರ್ತನೆಯನ್ನು ಎಂದೂ ಪೂರ್ತಿ ಓದುತ್ತಿರಲಿಲ್ಲ. ಎಂಟನೆಯ ವಚನಕ್ಕೆ, ಅವನ ಆಯುಷ್ಯ ಕಡಿಮೆಯಾಗಲಿ ಎಂಬಲ್ಲಿಗೆ ನಿಲ್ಲಿಸಿ, ಹಾಳೆಯ ಮೇಲೆ ಬೆರಳಿಟ್ಟು, ಇಪ್ಪತ್ತೊಂದನೆಯದಕ್ಕೆ ಜಾರುತ್ತಿದ್ದಳು. ನಡುವಿನದನ್ನು ಯಾಕೆ ಬಿಡುತ್ತಾಳೆಂದು ನಾನು ದೊಡ್ಡವಳಾದ ಮೇಲೆ ತೆರೆದು ನೋಡಿದೆ. ಒಂಬತ್ತನೆಯ ವಚನ: ಅವನ ಮಕ್ಕಳು ತಬ್ಬಲಿಗಳಾಗಲಿ, ಅವನ ಹೆಂಡತಿ ವಿಧವೆಯಾಗಲಿ. ಹತ್ತನೆಯದು: ಅವನ ಮಕ್ಕಳು ಅಲೆದು ಭಿಕ್ಷೆ ಬೇಡಲಿ. ಸಣ್ಣಜ್ಜ ಅಜ್ಜನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ತಡವಾಗಿ ಮದುವೆಯಾದವನು. ಅವನ ಇಬ್ಬರು ಹುಡುಗರು ನನ್ನ ಓರಗೆಯವರು. ಗೋಡೆ ಎದ್ದದ್ದು ನಡುಮನೆಯಲ್ಲಿ ಮಾತ್ರ, ಹಿತ್ತಲಲ್ಲಿ ಅದಕ್ಕೊಂದು ಸಂದಿಯಿತ್ತು. ದೊಡ್ಡವ್ವಾ ಹಸಿವಾಗೇತಿ ಎಂದು ಆ ಇಬ್ಬರೂ ಸಂದಿಯಿಂದ ನುಸುಳಿ ಬಂದು ನಮ್ಮ ಅಡುಗೆಮನೆಯಲ್ಲಿ ತಾಟು ಹಿಡಿದು ಕೂರುವುದು ವಾರದಲ್ಲಿ ನಾಲ್ಕು ದಿನವಾದರೂ ಇತ್ತು. 109ನೆಯ ಕೀರ್ತನೆ ಓದಿದ ಸಂಜೆಯೂ ಇರುತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಒಂದು ಮಳೆಗಾಲದ ಬೆಳಗ್ಗೆ, ಸಣ್ಣಜ್ಜ ಎದೆನೋವೆಂದು ಕೂತವನು ಏಳಲಿಲ್ಲ. ಅಜ್ಜಿ ಓದಿದ ವಚನವೂ ನಡೆದುಹೋಯಿತು, ಓದದೆ ಬಿಟ್ಟ ವಚನವೂ ನಡೆದುಹೋಯಿತು. ಮಣ್ಣು ಮುಗಿದ ಮೂರು ದಿನವೂ ಆ ಮನೆಗೆ ಅನ್ನ ಸಾರು ಮಾಡಿ ಕಳಿಸಿದವಳು ಅವಳೇ. ಆಮೇಲೆ ಒಂದು ತಿಂಗಳಾದರೂ ಅವಳು ಬೈಬಲ್ ಮುಟ್ಟಿದ್ದನ್ನು ನಾನು ಕಾಣೆ. ದೀಪ ಹಚ್ಚುವ ಹೊತ್ತಿಗೆ ಅದೇ ಗೋಡೆಗೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ಸಂಜೆ ನನ್ನನ್ನು ಕರೆದು, ಕಣ್ಣು ಮಂಜಾಗಿದೆ, ನೀನೇ ಏನಾದರೂ ಓದು ಎಂದಳು. ನನಗೆ ಬಾಯಿಪಾಠವಾಗಿದ್ದದ್ದು 23ನೆಯದು, ಯೆಹೋವನು ನನಗೆ ಕುರುಬನು. ಹಸುರುಗಾವಲು, ವಿಶ್ರಾಂತಿಯ ನೀರು, ಕಾರ್ಗತ್ತಲೆಯ ಕಣಿವೆ ಎಲ್ಲ ದಾಟಿ, ನನ್ನ ವಿರೋಧಿಗಳ ಎದುರಿನಲ್ಲೇ ನನಗೆ ಔತಣ ಅಣಿಮಾಡುತ್ತೀ ಎಂಬಲ್ಲಿಗೆ ಬಂದೆ. ಅಜ್ಜಿ ಕೈ ಎತ್ತಿ ತಡೆದಳು. ಗೋಡೆಯ ಆಚೆ ಸದ್ದೇ ಇರಲಿಲ್ಲ. ಅಡುಗೆಮನೆಯಲ್ಲಿ ಹುಡುಗರಿಬ್ಬರ ತಾಟಿನ ಸದ್ದು ಕೇಳಿಸುತ್ತಿತ್ತು. "ಸಾಕು ತಂಗಿ, ಇಷ್ಟ ಸಾಕು" ಎಂದು ಅವಳು ಮೊಳಕಾಲ ಮೇಲೆ ಕೈಯೂರಿ ಎದ್ದು, ಒಳಗೆ ಹೋಗಿ, ರೊಟ್ಟಿ ಮುರಿದು ಅವರ ತಾಟಿನ ಬ್ಯಾಳಿಯೊಳಗೆ ಹಾಕಿದಳು.